ಜರ್ಮನ್ ಭಾಷೆ ಕಲಿಯಲು ಎಷ್ಟು ಕಾಲ ಬೇಕು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯುವಜನರಿಗೂ ಹೆತ್ತವರಿಗೂ ಒಂದು ಕೈಪಿಡಿ



ನರ್ಸಿಂಗ್ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈಗ ಜರ್ಮನಿಯ ಮಾತು ಸಾಮಾನ್ಯವಾಗಿದೆ. ಹಿಂದೆ ಕೊಲ್ಲಿ ರಾಷ್ಟ್ರಗಳ ಹೆಸರು ಹೇಳುತ್ತಿದ್ದ ಬಾಯಲ್ಲಿ ಈಗ ಮ್ಯೂನಿಕ್, ಕೊಲೋನ್, ಫ್ರಾಂಕ್‌ಫರ್ಟ್ ಹೆಸರುಗಳು ಬರುತ್ತಿವೆ. ಈ ಮಾತಿನ ಜೊತೆಗೇ ಬರುವ ಪ್ರಶ್ನೆ ಒಂದೇ: "ಆ ಭಾಷೆ ಕಲಿಯಲು ಎಷ್ಟು ತಿಂಗಳು ಬೇಕು?" ಏಜೆಂಟರು ಮೂರು ತಿಂಗಳು ಎನ್ನುತ್ತಾರೆ, ಸಹಪಾಠಿಗಳು ಎರಡು ವರ್ಷ ಎನ್ನುತ್ತಾರೆ. ಈ ಎರಡು ಉತ್ತರಗಳ ನಡುವೆ ಸಿಕ್ಕಿಬಿದ್ದ ಕುಟುಂಬ ಜಮೀನಿನ ಮೇಲೆ ಸಾಲ ಮಾಡುತ್ತದೆ, ಮಗಳು ಇದ್ದ ಕೆಲಸಕ್ಕೆ ರಾಜೀನಾಮೆ ಕೊಡುತ್ತಾಳೆ. ತಪ್ಪು ಲೆಕ್ಕದ ಬೆಲೆ ತೆರುವವರು ಅವರೇ.

ಆದುದರಿಂದ ಈ ಲೇಖನದಲ್ಲಿ ನಾವು ಸರಿಯಾದ ಲೆಕ್ಕವನ್ನು ಕೊಡಲು ಪ್ರಯತ್ನಿಸಿದ್ದೇವೆ. ಉದಾಹರಣೆಗಾಗಿ ಕರಾವಳಿಯನ್ನು ಬಿಟ್ಟು ಕೋಲಾರ ಜಿಲ್ಲೆಯ ನಾಲ್ಕು ಊರುಗಳನ್ನು ಆರಿಸಿಕೊಂಡಿದ್ದೇವೆ. ಕಾರಣ ಇಷ್ಟೇ: ಅಲ್ಲಿಂದ ಬೆಂಗಳೂರು ಹತ್ತಿರ, ಆದರೆ ದಿನವೂ ಹೋಗಿಬರುವಷ್ಟು ಹತ್ತಿರವಲ್ಲ. ಮನೆಯಲ್ಲಿ ಆಗಲೇ ಎರಡು ಮೂರು ಭಾಷೆಗಳಿವೆ. ದುಡಿಮೆಯ ನಡುವೆಯೇ ಓದಬೇಕಾದ ಯುವಜನರು ಹೆಚ್ಚು. ಅಲ್ಲಿಗೆ ಹೊಂದುವ ಲೆಕ್ಕ ಬಂಟ್ವಾಳಕ್ಕೂ ಕುಂದಾಪುರಕ್ಕೂ ಕಾರವಾರಕ್ಕೂ ಹೊಂದುತ್ತದೆ.

ನಮ್ಮ ಉತ್ತರದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ಜರ್ಮನ್ ಕಲಿಕೆಯನ್ನು ತಿಂಗಳುಗಳಲ್ಲಿ ಅಳೆಯಬಾರದು, ಗಂಟೆಗಳಲ್ಲಿ ಅಳೆಯಬೇಕು. ಬೇರೆ ಕೆಲಸವಿಲ್ಲದೆ ಪೂರ್ಣಾವಧಿ ಓದುವವರಿಗೆ ನರ್ಸ್ ಕೆಲಸಕ್ಕೆ ಬೇಕಾದ ಮಟ್ಟ ತಲುಪಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತ ಓದುವವರಿಗೆ ಒಂದೂವರೆಯಿಂದ ಎರಡು ವರ್ಷ ಬೇಕು. ಇದಕ್ಕಿಂತ ತೀರಾ ಕಡಿಮೆ ಹೇಳುವವರನ್ನು, "ವಾರಕ್ಕೆ ಎಷ್ಟು ಗಂಟೆ ಪಾಠ?" ಎಂದು ಕೇಳಿ.

ಆರು ಮೆಟ್ಟಿಲುಗಳು

"ಜರ್ಮನ್ ಬರುತ್ತದೆ" ಎಂಬ ಮಾತಿಗೆ ಜರ್ಮನಿಯ ಕಚೇರಿಗಳಲ್ಲಿ ಬೆಲೆಯಿಲ್ಲ. ಯಾವ ಮಟ್ಟದಲ್ಲಿ ಬರುತ್ತದೆ ಎಂಬುದೇ ಮುಖ್ಯ. ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಭಾಷಾಜ್ಞಾನಕ್ಕೆ ಆರು ಮೆಟ್ಟಿಲುಗಳಿವೆ.

ಎ1: ಹೆಸರು, ಊರು, ಮನೆಮಂದಿಯ ಬಗ್ಗೆ ಹೇಳಬಲ್ಲರು. ನಿಧಾನವಾಗಿ ಮಾತನಾಡಿದರೆ ಅರ್ಥವಾಗುತ್ತದೆ.

ಎ2: ಅಂಗಡಿ, ಬಸ್ಸು, ವೈದ್ಯರ ಭೇಟಿ ಮುಂತಾದ ದಿನನಿತ್ಯದ ವ್ಯವಹಾರ ನಡೆಸಬಲ್ಲರು.

ಬಿ1: ಪರಿಚಿತ ವಿಷಯಗಳ ಬಗ್ಗೆ ಸ್ವತಂತ್ರವಾಗಿ ಮಾತನಾಡಬಲ್ಲರು. ಅಭಿಪ್ರಾಯ ಹೇಳಿ ಕಾರಣ ಕೊಡಬಲ್ಲರು.

ಬಿ2: ಕೆಲಸದ ಜಾಗದಲ್ಲಿ ಚರ್ಚೆ ಮಾಡಬಲ್ಲರು. ವರದಿ ಓದಿ ಬರೆಯಬಲ್ಲರು.

ಸಿ1: ಕಾಲೇಜಿನ ಉಪನ್ಯಾಸ ಕೇಳಿ ಟಿಪ್ಪಣಿ ಮಾಡಿಕೊಳ್ಳಬಲ್ಲರು. ಕಠಿಣ ಬರಹವೂ ಅರ್ಥವಾಗುತ್ತದೆ.

ಸಿ2: ಓದಿದ್ದನ್ನೂ ಕೇಳಿದ್ದನ್ನೂ ಬಹುಮಟ್ಟಿಗೆ ಪೂರ್ತಿ ಗ್ರಹಿಸಿ, ಸೂಕ್ಷ್ಮ ಅರ್ಥಭೇದಗಳನ್ನೂ ನಿರರ್ಗಳವಾಗಿ ಹೇಳಬಲ್ಲರು.

ಯಾರಿಗೆ ಎಷ್ಟು ಬೇಕು?

ಎಲ್ಲರೂ ಆರು ಮೆಟ್ಟಿಲು ಹತ್ತಬೇಕಾಗಿಲ್ಲ. ಹೋಗುವ ಉದ್ದೇಶದಂತೆ ಮೆಟ್ಟಿಲು ಬೇರೆ.

1. ಜರ್ಮನಿಯಲ್ಲಿರುವ ಗಂಡ ಅಥವಾ ಹೆಂಡತಿಯನ್ನು ಸೇರಲು ಸಾಮಾನ್ಯವಾಗಿ ಎ1 ಸಾಕು. ಸಂಗಾತಿ ಕೆಲವು ವರ್ಗಗಳ ವೀಸಾದಲ್ಲಿದ್ದರೆ ಇದಕ್ಕೂ ವಿನಾಯಿತಿಯಿದೆ.

2. ಪಿಯುಸಿ ನಂತರ ಅಲ್ಲೇ ಸಂಬಳ ಪಡೆಯುತ್ತ ವೃತ್ತಿ ಕಲಿಯುವ "ಔಸ್‌ಬಿಲ್ಡುಂಗ್" ಎಂಬ ವ್ಯವಸ್ಥೆಗೆ ಸಾಮಾನ್ಯವಾಗಿ ಬಿ1 ಬೇಕು. ಹಲವು ನರ್ಸಿಂಗ್ ಶಾಲೆಗಳು ಬಿ2 ಕೇಳುತ್ತವೆ.

3. ಇಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿದವರು ಅಲ್ಲಿ ಪೂರ್ಣ ಪ್ರಮಾಣದ ನರ್ಸ್ ಎಂದು ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಬೇಕು. ಬಿ1 ಮುಗಿಸಿ ಹೋಗಿ, ಅಲ್ಲಿ ಸಹಾಯಕರಾಗಿ ದುಡಿಯುತ್ತ ಬಿ2 ಮುಗಿಸುವ ದಾರಿಯೂ ಇದೆ. ಆದರೆ ಮಾನ್ಯತೆ ಸಿಗುವವರೆಗೆ ಸಂಬಳ ಸಹಾಯಕರದ್ದೇ.

4. ವೈದ್ಯರಿಗೆ ಬಿ2 ಅಲ್ಲದೆ ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆ ಇರುತ್ತದೆ.

5. ಜರ್ಮನ್ ಮಾಧ್ಯಮದಲ್ಲಿ ಪದವಿ ಓದುವವರಿಗೆ ಸಾಮಾನ್ಯವಾಗಿ ಸಿ1ಕ್ಕೆ ಹತ್ತಿರದ ಮಟ್ಟ ಬೇಕು. ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸುಗಳು ಹಲವಿದ್ದು, ಅವುಗಳಿಗೆ ಜರ್ಮನ್ ಕಡ್ಡಾಯವಲ್ಲದಿದ್ದರೂ ಮನೆ ಹುಡುಕಲು, ಅರೆಕಾಲಿಕ ಕೆಲಸಕ್ಕೆ ಅದು ಬೇಕೇ ಬೇಕು.

6. ಕೆಲಸ ಹುಡುಕಲೆಂದು ಜೂನ್ 2024ರಲ್ಲಿ ಆರಂಭವಾದ "ಅವಕಾಶ ಕಾರ್ಡ್"ಗೆ ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಕನಿಷ್ಠ ಅರ್ಹತೆಗಳಲ್ಲೊಂದು.

7. ಜರ್ಮನಿಯ ಧರ್ಮಪ್ರಾಂತ್ಯಗಳಲ್ಲಿ ಸೇವೆಗೆ ಹೋಗುವ ಗುರುಗಳೂ ಧರ್ಮಭಗಿನಿಯರೂ ಪ್ರಬೋಧನೆ ಮಾಡಲು, ರೋಗಿಗಳ ಮಾತು ಕೇಳಲು, ಶವಸಂಸ್ಕಾರದಲ್ಲಿ ಮನೆಯವರನ್ನು ಸಂತೈಸಲು ಬಿ2 ದಾಟಿದ ಭಾಷೆ ಇಟ್ಟುಕೊಳ್ಳುವುದು ಲೇಸು.

ಗಂಟೆಗಳ ಲೆಕ್ಕ

ಜರ್ಮನ್ ಭಾಷೆಯನ್ನು ಜಗತ್ತಿನಾದ್ಯಂತ ಕಲಿಸುವ ಗೋಥೆ ಸಂಸ್ಥೆ (ಭಾರತದಲ್ಲಿ ಇದರ ಹೆಸರು ಮ್ಯಾಕ್ಸ್ ಮುಲ್ಲರ್ ಭವನ) ಪ್ರತಿ ಮೆಟ್ಟಿಲಿಗೂ ಪಾಠಗಳ ಸಂಖ್ಯೆಯನ್ನು ಸೂಚಿಸಿದೆ. ಇಲ್ಲಿ ಒಂದು ಪಾಠವೆಂದರೆ ನಮ್ಮ ಶಾಲೆಯ ಪೀರಿಯಡ್‌ನಂತೆ 45 ನಿಮಿಷ. ಈ ಸಂಖ್ಯೆಗಳು ಮೊದಲ ದಿನದಿಂದ ಆ ಮಟ್ಟದವರೆಗಿನ ಒಟ್ಟು ಲೆಕ್ಕ.

ಎ1: 80 ರಿಂದ 200 ಪೀರಿಯಡ್
ಎ2: 200 ರಿಂದ 350 ಪೀರಿಯಡ್
ಬಿ1: 350 ರಿಂದ 650 ಪೀರಿಯಡ್
ಬಿ2: 600 ರಿಂದ 800 ಪೀರಿಯಡ್
ಸಿ1: 800 ರಿಂದ 1000 ಪೀರಿಯಡ್
ಸಿ2: 1000ಕ್ಕಿಂತ ಹೆಚ್ಚು

ಕನಿಷ್ಠ ಮತ್ತು ಗರಿಷ್ಠಗಳ ನಡುವೆ ಇಷ್ಟು ಅಂತರ ಏಕೆ? ಕಲಿಯುವವರ ಹಿನ್ನೆಲೆ ಬೇರೆ ಬೇರೆ ಇರುವುದರಿಂದ. ಇಂಗ್ಲಿಷ್ ಚೆನ್ನಾಗಿ ಬಲ್ಲ, ಓದುವ ಅಭ್ಯಾಸ ಬಿಡದ ವಿದ್ಯಾರ್ಥಿ ಕೆಳಗಿನ ಸಂಖ್ಯೆಗೆ ಹತ್ತಿರ ನಿಲ್ಲುತ್ತಾನೆ. ಓದು ಬಿಟ್ಟು ಹತ್ತು ವರ್ಷವಾದವರು ಮೇಲಿನ ಸಂಖ್ಯೆಗೆ ಹತ್ತಿರ ನಿಲ್ಲುತ್ತಾರೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರಕಾರಿ ಸಂಸ್ಥೆಯು ಇಂಗ್ಲಿಷ್ ಮಾತೃಭಾಷೆಯವರಿಗೆ ಜರ್ಮನ್ ಕಲಿಸಲು ಸುಮಾರು 36 ವಾರ ಬೇಕೆಂದು ಹೇಳುತ್ತದೆ. ಅದೂ ದಿನಪೂರ್ತಿ ಅದೇ ಕೆಲಸವಾಗಿ, ಸಂಬಳ ಪಡೆಯುತ್ತ ಕಲಿಯುವವರಿಗೆ! ಹಾಗಿರುವಾಗ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಮೂರು ತಿಂಗಳಲ್ಲಿ ಬಿ2 ಮುಗಿಸುತ್ತಾಳೆ ಎಂಬ ಮಾತನ್ನು ನಂಬುವುದು ಹೇಗೆ?

ಬಿ2ಕ್ಕೆ ಮಧ್ಯದ ಸಂಖ್ಯೆಯಾದ 700 ಪೀರಿಯಡ್ ಎಂದಿಟ್ಟುಕೊಳ್ಳೋಣ. ಅದು 525 ಗಂಟೆ. ಇದು ತರಗತಿಯಲ್ಲಿ ಕುಳಿತ ಹೊತ್ತು ಮಾತ್ರ. ಮನೆಯಲ್ಲಿ ಪದ ಬಾಯಿಪಾಠ ಮಾಡುವುದು, ಬರೆಯುವುದು, ಕೇಳುವುದು ಇದಕ್ಕೆ ಹೊರತು. ತರಗತಿಯ ಒಂದು ಗಂಟೆಗೆ ಮನೆಯಲ್ಲಿ ಒಂದು ಗಂಟೆ ಎಂಬುದು ನಾವು ಹೇಳುವ ಅಳತೆ.

ಪೂರ್ಣಾವಧಿ (ವಾರಕ್ಕೆ 5 ದಿನ, ದಿನಕ್ಕೆ 5 ಪೀರಿಯಡ್): 700 ಪೀರಿಯಡ್‌ಗೆ 28 ವಾರ. ಮೆಟ್ಟಿಲುಗಳ ನಡುವಿನ ಬಿಡುವು, ಪರೀಕ್ಷೆಯ ಕಾಯುವಿಕೆ ಸೇರಿದರೆ 9 ರಿಂದ 12 ತಿಂಗಳು.

ಸಂಜೆ ತರಗತಿ (ವಾರಕ್ಕೆ 5 ದಿನ, ದಿನಕ್ಕೆ 2 ಪೀರಿಯಡ್): 70 ವಾರ, ಅಂದರೆ ಸುಮಾರು 16 ತಿಂಗಳು. ಬಿಡುವು ಸೇರಿದರೆ ಒಂದೂವರೆ ವರ್ಷ.

ಶನಿವಾರ ಮತ್ತು ಭಾನುವಾರ ಮಾತ್ರ (ದಿನಕ್ಕೆ 4 ಪೀರಿಯಡ್): ಸುಮಾರು 88 ವಾರ, ಅಂದರೆ 20 ತಿಂಗಳು. ಹಬ್ಬ, ಮದುವೆ, ಡ್ಯೂಟಿ ಬದಲಾವಣೆ ಲೆಕ್ಕ ಹಿಡಿದರೆ ಎರಡು ವರ್ಷ.

ಕೇವಲ ಎ1 ಬೇಕಾದವರಿಗೆ ಇದೇ ಲೆಕ್ಕದಲ್ಲಿ ಪೂರ್ಣಾವಧಿಯಾದರೆ ಆರೇಳು ವಾರ, ಸಂಜೆ ತರಗತಿಯಾದರೆ ಮೂರೂವರೆ ತಿಂಗಳು ಸಾಕು. "ಮೂರು ತಿಂಗಳು" ಎಂಬ ಏಜೆಂಟರ ಮಾತು ಬಹುಪಾಲು ಹುಟ್ಟುವುದು ಇಲ್ಲೇ. ಅದು ಮೊದಲ ಮೆಟ್ಟಿಲಿನ ಕಾಲ, ನಾಲ್ಕನೆಯ ಮೆಟ್ಟಿಲಿನದಲ್ಲ.

ನಾಲ್ಕು ಊರುಗಳಿಂದ ಹೊರಟರೆ

ಕೋಲಾರ ಜಿಲ್ಲೆಗೆ ಹತ್ತಿರದ ಮ್ಯಾಕ್ಸ್ ಮುಲ್ಲರ್ ಭವನ ಬೆಂಗಳೂರಿನ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿದೆ. ಅಲ್ಲಿಗೆ ತಲುಪುವ ಕಷ್ಟ ನಾಲ್ಕು ಊರಿಗೂ ಒಂದೇ ರೀತಿಯಲ್ಲ.

ಮಾಲೂರು: ಬೆಂಗಳೂರು-ಚೆನ್ನೈ ರೈಲುಮಾರ್ಗದಲ್ಲಿರುವುದರಿಂದ ಅನುಕೂಲ ಹೆಚ್ಚು. ವೈಟ್‌ಫೀಲ್ಡ್‌ವರೆಗೆ ರೈಲಿನಲ್ಲಿ ಬಂದು, ಪಕ್ಕದಲ್ಲೇ ಇರುವ ನಿಲ್ದಾಣದಿಂದ ಮೆಟ್ರೊ ಹಿಡಿದರೆ ನೇರವಾಗಿ ಇಂದಿರಾನಗರ. ಈ ನೇರಳೆ ಮಾರ್ಗ 2023ರಲ್ಲಿ ಪೂರ್ಣಗೊಂಡ ಮೇಲೆ ಮಾಲೂರಿನವರಿಗೆ ವಾರಾಂತ್ಯದ ತರಗತಿ ಸಾಧ್ಯವಾಗಿದೆ.

ಕೋಲಾರ: ಸುಮಾರು 70 ಕಿ.ಮೀ. ಬಸ್ಸಿನ ಸೌಕರ್ಯ ಚೆನ್ನಾಗಿದೆ. ಆದರೆ ಟ್ರಾಫಿಕ್ ಸೇರಿ ಹೋಗಿಬರಲು ದಿನಕ್ಕೆ ನಾಲ್ಕು ಗಂಟೆಯಾದರೂ ಕಳೆಯುತ್ತದೆ. ವಾರಾಂತ್ಯಕ್ಕೆ ಸರಿ, ದಿನವೂ ಆಗದು.

ಮುಳಬಾಗಿಲು: ಕೋಲಾರದಿಂದ ಇನ್ನೂ ಸುಮಾರು 30 ಕಿ.ಮೀ. ಆಚೆ, ಆಂಧ್ರದ ಗಡಿಯ ಕಡೆಗೆ. ರೈಲು ಇಲ್ಲ, ಹೆದ್ದಾರಿಯ ಬಸ್ಸೇ ಗತಿ. ಇಲ್ಲಿಂದ ದಿನವೂ ಓಡಾಡಿದರೆ ಪಾಠಕ್ಕಿಂತ ಪ್ರಯಾಣವೇ ಹೆಚ್ಚಾಗುತ್ತದೆ.

ಶ್ರೀನಿವಾಸಪುರ: ಕೋಲಾರ-ಚಿಂತಾಮಣಿ ರೈಲುಮಾರ್ಗದಲ್ಲಿದ್ದರೂ ಬೆಂಗಳೂರಿನ ತರಗತಿಗೆ ಹೊಂದುವ ಪ್ರಯಾಣವಲ್ಲ. ಮೇಲಾಗಿ ಇದು ಮಾವಿನ ಊರು. ಮೇ ತಿಂಗಳಿಂದ ಜುಲೈವರೆಗೆ ಇಡೀ ಮನೆ ತೋಟ ಮತ್ತು ಮಂಡಿಯ ನಡುವೆ ಓಡಾಡುತ್ತಿರುತ್ತದೆ. ಆ ಕಾಲಕ್ಕೆ ಪರೀಕ್ಷೆ ಬರದಂತೆ ನೋಡಿಕೊಳ್ಳುವುದು ಜಾಣತನ.

ಆದುದರಿಂದ ಮುಳಬಾಗಿಲು, ಶ್ರೀನಿವಾಸಪುರದವರಿಗೆ ನಮ್ಮ ಸಲಹೆ ಹೀಗಿದೆ: ಎ1, ಎ2 ಎರಡನ್ನೂ ಮನೆಯಿಂದಲೇ ಆನ್‌ಲೈನ್ ತರಗತಿಯಲ್ಲಿ ಮುಗಿಸಿರಿ. ಶಿಕ್ಷಕರು ನೇರವಾಗಿ ಮಾತನಾಡಿಸುವ, ಹದಿನೈದಕ್ಕಿಂತ ಹೆಚ್ಚು ಮಂದಿ ಇಲ್ಲದ ತರಗತಿಯಾಗಿರಲಿ. ಬಿ1, ಬಿ2 ಸಮಯದಲ್ಲಿ, ಸಾಧ್ಯವಾದರೆ, ಐದಾರು ತಿಂಗಳು ಬೆಂಗಳೂರಿನ ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಉಳಿದು ಪೂರ್ಣಾವಧಿ ಕಲಿಯಿರಿ. ಹೀಗೆ ಎರಡು ಭಾಗ ಮಾಡಿದರೆ ಮೊದಲ ಭಾಗದಲ್ಲಿ ಸಂಬಳ ನಿಲ್ಲುವುದಿಲ್ಲ. ಭಾಷೆ ತನಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದೂ ದೊಡ್ಡ ಖರ್ಚಿನ ಮೊದಲೇ ತಿಳಿಯುತ್ತದೆ.

ಕೋಲಾರದವರಿಗೆ ಇರುವ ಅನುಕೂಲ

ಈ ಜಿಲ್ಲೆಯವರು ಭಾಷೆ ಕಲಿಯುವುದರಲ್ಲಿ ಹೊಸಬರಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಮಾಲೂರಿನ ಗಡಿಯಾಚೆ ತಮಿಳು. ಕೋಲಾರ ಪೇಟೆಯಲ್ಲಿ ಉರ್ದು. ನರ್ಸಿಂಗ್ ಕಾಲೇಜಿನಲ್ಲಿ ಇಂಗ್ಲಿಷ್. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಆದರೂ ಅವರು ಕನ್ನಡದಲ್ಲಿ ಬರೆದು 1983ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು. ಮನೆಮಾತಲ್ಲದ ಭಾಷೆಯನ್ನು ತನ್ನದಾಗಿಸಿಕೊಳ್ಳಬಹುದು ಎಂಬುದಕ್ಕೆ ಈ ನೆಲದಲ್ಲೇ ಸಾಕ್ಷಿಯಿದೆ.

ಇಂಗ್ಲಿಷ್ ಮಾತ್ರ ಬಲ್ಲವರಿಗೆ ತೊಡಕಾಗುವ ಹಲವು ಸಂಗತಿಗಳು ಕನ್ನಡ, ತೆಲುಗು ಬಲ್ಲವರಿಗೆ ಸುಲಭ.

ವಿಭಕ್ತಿ: ಜರ್ಮನ್‌ನಲ್ಲಿ ನಾಲ್ಕು ವಿಭಕ್ತಿಗಳು. ನಮ್ಮ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠಿಗಳಿಗೆ ಸಮೀಪದವು. "ಅನ್ನು" ಬರುವ ಕಡೆ ಒಂದು ರೂಪ, "ಗೆ" ಬರುವ ಕಡೆ ಇನ್ನೊಂದು. "ನನಗೆ ಚಳಿಯಾಗುತ್ತಿದೆ" ಎಂಬುದಕ್ಕೆ ಜರ್ಮನ್ನರು "ಮೀರ್ ಇಸ್ಟ್ ಕಾಲ್ಟ್" ಎನ್ನುತ್ತಾರೆ. "ಮೀರ್" ಎಂದರೆ "ನನಗೆ". ಇಂಗ್ಲಿಷಿನಲ್ಲಿ ಹೀಗೆ ಹೇಳಲಾಗದು, ಕನ್ನಡದಲ್ಲಿ ಹೀಗೆಯೇ ಹೇಳುತ್ತೇವೆ.

ಕ್ರಿಯಾಪದ ಕೊನೆಗೆ: "ಏಕೆಂದರೆ", "ಎಂದು" ಮುಂತಾದವುಗಳಿಂದ ಜೋಡಿಸಿದ ವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ನಮ್ಮಲ್ಲಿಯಂತೆ ಕಡೆಗೆ ಹೋಗುತ್ತದೆ. "ವೈಲ್ ಇಶ್ ಕ್ರಾಂಕ್ ಬಿನ್" ಎಂದರೆ ಪದಕ್ಕೆ ಪದ "ಏಕೆಂದರೆ ನಾನು ಅಸ್ವಸ್ಥ ಇದ್ದೇನೆ".

ನೀನು ಮತ್ತು ನೀವು: ಆಪ್ತರಿಗೆ, ಮಕ್ಕಳಿಗೆ "ಡೂ", ಉಳಿದವರಿಗೆ "ಝೀ". ರೋಗಿಯನ್ನು "ಡೂ" ಎಂದರೆ ಅಗೌರವ. ಇದನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ಸಮಾಸ: ಉದ್ದನೆಯ ಜರ್ಮನ್ ಪದಗಳನ್ನು ಕಂಡು ಹೆದರಬಾರದು, ಬಿಡಿಸಿ ಓದಬೇಕು. "ಬ್ಲೂಟ್" ರಕ್ತ, "ಡ್ರುಕ್" ಒತ್ತಡ, ಸೇರಿದರೆ "ಬ್ಲೂಟ್‌ಡ್ರುಕ್", ನಮ್ಮ ರಕ್ತದೊತ್ತಡವೇ. "ಕ್ರಾಂಕೆನ್‌ಹೌಸ್" ರೋಗಿಗಳ ಮನೆ, ಅಂದರೆ ಆಸ್ಪತ್ರೆ. "ಹಾಂಟ್‌ಶೂ" ಕೈಯ ಬೂಟು, ಅಂದರೆ ಗ್ಲೌಸ್.

ಕಾಲ ತಿನ್ನುವ ತೊಡಕುಗಳು

ಲಿಂಗ: ಕನ್ನಡದಲ್ಲಿ ಜೀವವಿಲ್ಲದ ವಸ್ತು ನಪುಂಸಕಲಿಂಗ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ (ಡೆರ್ ಟಿಶ್), ಬಾಗಿಲು ಸ್ತ್ರೀಲಿಂಗ (ಡೀ ಟ್ಯೂರ್), ಪುಸ್ತಕ ನಪುಂಸಕ (ಡಾಸ್ ಬೂಖ್). ಹುಡುಗಿ ಎಂಬ ಪದವೂ (ಡಾಸ್ ಮೇಡ್‌ಶೆನ್) ನಪುಂಸಕವೇ! ಬಹುಪಾಲು ಪದಗಳಿಗೆ ತರ್ಕ ಸಹಾಯ ಮಾಡದು. ಪ್ರತಿ ಪದವನ್ನೂ ಡೆರ್, ಡೀ, ಡಾಸ್ ಸಹಿತ ಬಾಯಿಪಾಠ ಮಾಡುವುದೇ ದಾರಿ. ಮೊದಲ ತಿಂಗಳಲ್ಲಿ ಇದನ್ನು ಅಸಡ್ಡೆ ಮಾಡಿದವರು ಬಿ1ರಲ್ಲಿ ಹಿಂದಕ್ಕೆ ಬರಬೇಕಾಗುತ್ತದೆ.

ಸಂಖ್ಯೆ: ಇಪ್ಪತ್ತೊಂದು ಎನ್ನುವ ಬದಲು ಅವರು "ಒಂದು ಮತ್ತು ಇಪ್ಪತ್ತು" ಎನ್ನುತ್ತಾರೆ. ಉರ್ದುವಿನ ಇಕ್ಕೀಸ್, ಸಂಸ್ಕೃತದ ಏಕವಿಂಶತಿ ನೆನೆದರೆ ಕ್ರಮ ಹಿಡಿಯುತ್ತದೆ. ವಾರ್ಡಿನಲ್ಲಿ ಇದು ಚಿಕ್ಕ ವಿಷಯವಲ್ಲ. 24ನ್ನು 42 ಎಂದು ಕೇಳಿಸಿಕೊಂಡರೆ ಔಷಧದ ಪ್ರಮಾಣವೇ ತಪ್ಪುತ್ತದೆ.

ಒಡೆಯುವ ಕ್ರಿಯಾಪದ: "ಔಫ್‌ಶ್ಟೇಯೆನ್" ಎಂದರೆ ಏಳುವುದು. ವಾಕ್ಯದಲ್ಲಿ ಬಂದಾಗ "ಶ್ಟೇಯೆ" ನಡುವೆ ನಿಂತು "ಔಫ್" ಕೊನೆಗೆ ಹೋಗುತ್ತದೆ. ಕೊನೆಯವರೆಗೂ ಕೇಳದೆ ಅರ್ಥ ಆಗದು.

ಪ್ರಾಂತ್ಯದ ನುಡಿ: ತರಗತಿಯಲ್ಲಿ ಕಲಿಯುವುದು ಶಿಷ್ಟ ಜರ್ಮನ್. ಬವೇರಿಯಾದ ಹಳ್ಳಿಯ ಅಜ್ಜ ಆಡುವುದು ಬೇರೆ. ಕುಂದಾಪುರದ ಕನ್ನಡವನ್ನು ಮೊದಲ ಸಲ ಕೇಳಿದ ಕೋಲಾರದವರಿಗೆ ಹೇಗಾಗುತ್ತದೋ ಹಾಗೆ. ಬಿ2 ಪತ್ರ ಕೈಯಲ್ಲಿದ್ದರೂ ಮೊದಲ ಕೆಲವು ತಿಂಗಳು ಕಷ್ಟವಾಗುವುದು ಸಹಜ, ಎದೆಗುಂದಬಾರದು.

ಅವರು ನಮ್ಮ ಭಾಷೆ ಕಲಿತಾಗ

ಒಂದು ಭಾಷೆಯನ್ನು "ಮುಗಿಸುವುದು" ಎಂದರೇನೆಂದು ತಿಳಿಯಲು ಕರಾವಳಿಯವರಾದ ನಾವು ದೂರ ಹೋಗಬೇಕಿಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಏಳು ವರ್ಷಗಳ ನಂತರ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ವನ್ನು ಹೊರತಂದರು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಮುದ್ರಣವಾದದ್ದು 1894ರಲ್ಲಿ, ನಾಲ್ವತ್ತೊಂದು ವರ್ಷಗಳ ಮೇಲೆ. ಆ ಜರ್ಮನ್ನರಿಗೆ ಕನ್ನಡ ಎಷ್ಟು ದೂರವೋ ನಮಗೆ ಜರ್ಮನ್ ಅಷ್ಟೇ ದೂರ. ಅವರಲ್ಲಿ ಯಾರೂ ಮೂರು ತಿಂಗಳಲ್ಲಿ ಕಲಿಯಲಿಲ್ಲ. ಆದರೆ ಬಿಡದೆ ಕಲಿತರು.

ನೆರೆಯ ಕೇರಳದ ಉದಾಹರಣೆಯೂ ಇದೆ. 1960ರ ದಶಕದಿಂದ ಅಲ್ಲಿನ ಸಾವಿರಾರು ಯುವತಿಯರು ಕಥೋಲಿಕ ಸಂಸ್ಥೆಗಳ ಮೂಲಕ ಪಶ್ಚಿಮ ಜರ್ಮನಿಗೆ ಹೋಗಿ ನರ್ಸಿಂಗ್ ಕಲಿತು ದುಡಿದರು. ಆಗ ಇಂದಿನ ಮೆಟ್ಟಿಲುಗಳೂ ಇರಲಿಲ್ಲ, ಬಿ2 ಪರೀಕ್ಷೆಯೂ ಇರಲಿಲ್ಲ. ಭಾಷೆಯನ್ನು ಬಹುಮಟ್ಟಿಗೆ ಅಲ್ಲಿಯೇ ಕಲಿತರು. ಇಂದು ಕ್ರಮ ತಿರುಗಿದೆ. ಮೊದಲು ಭಾಷೆ, ಆಮೇಲೆ ವಿಮಾನ. ಕಾಯುವ ಕಾಲ ಊರಿನಲ್ಲೇ ಕಳೆಯುವುದರಿಂದ ಖರ್ಚಿನ ಭಾರವೂ ಊರಿನ ಮನೆಯ ಮೇಲೆ ಬೀಳುತ್ತದೆ.

ಪರೀಕ್ಷೆಯ ಬಗ್ಗೆ

ಕೋಚಿಂಗ್ ಕೇಂದ್ರ ಕೊಡುವ ಸ್ವಂತ ಸರ್ಟಿಫಿಕೇಟಿಗೆ ವೀಸಾ ಕಚೇರಿಯಲ್ಲಿ ಬೆಲೆಯಿಲ್ಲ. ಗೋಥೆ, ಟೆಲ್ಕ್, ಓಎಸ್‌ಡಿ ಮುಂತಾದ ಮಾನ್ಯ ಪರೀಕ್ಷೆಗಳ ಪತ್ರವೇ ಬೇಕು. ಟೆಲ್ಕ್‌ನಲ್ಲಿ ಶುಶ್ರೂಷಾ ವೃತ್ತಿಯವರಿಗೆಂದೇ ಬಿ1-ಬಿ2 ಪರೀಕ್ಷೆಯೂ ಇದೆ.

ಗೋಥೆ ಬಿ1, ಬಿ2 ಪರೀಕ್ಷೆಗಳಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗಗಳಿವೆ. ಪ್ರತಿ ಭಾಗಕ್ಕೆ 100 ಅಂಕ, ಪಾಸಾಗಲು 60. ಒಂದು ಭಾಗದಲ್ಲಿ ಸೋತರೆ ಅದೊಂದನ್ನೇ ಮತ್ತೆ ಬರೆಯಬಹುದು, ಎಲ್ಲವನ್ನೂ ಬರೆಯಬೇಕಿಲ್ಲ. ಪರೀಕ್ಷೆಯ ಜಾಗ ಬೇಗ ತುಂಬುವುದರಿಂದ ತರಗತಿ ಮುಗಿಯುವ ಮುನ್ನವೇ ದಿನಾಂಕ ನೋಡಿಕೊಳ್ಳಬೇಕು. ಮರುಪರೀಕ್ಷೆಗೆಂದು ಒಂದೆರಡು ತಿಂಗಳನ್ನೂ ಅದರ ಶುಲ್ಕವನ್ನೂ ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ದುಡ್ಡಿಲ್ಲದೆ ಸಿಗುವ ನೆರವು

ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ "ನಿಕೋಸ್ ವೇಗ್" ಎಂಬ ವೀಡಿಯೊ ಪಾಠಮಾಲೆ ಎ1ರಿಂದ ಬಿ1ರವರೆಗೆ ಉಚಿತ. ನಿಧಾನವಾಗಿ ಓದುವ ವಾರ್ತೆಯೂ ಅಲ್ಲಿದೆ. ಬಿ1 ಕಲಿಯುವವರು ದಿನಕ್ಕೊಂದು ಕೇಳಿದರೆ ಒಳ್ಳೆಯದು. ಜರ್ಮನಿಯ ವಯಸ್ಕರ ಶಿಕ್ಷಣ ಸಂಸ್ಥೆಗಳ ಕಲಿಕಾ ತಾಣ "ವಿಎಚ್‌ಎಸ್ ಲೆರ್ನ್‌ಪೋರ್ಟಾಲ್" ಎ1ರಿಂದ ಬಿ2ವರೆಗೆ ಉಚಿತ ಅಭ್ಯಾಸ ಕೊಡುತ್ತದೆ. ಮಾಲೂರಿನ ರೈಲಿನಲ್ಲೋ ಮುಳಬಾಗಿಲಿನ ಬಸ್ಸಿನಲ್ಲೋ ಕಿವಿಗೆ ಹಾಕಿಕೊಂಡರೆ ಪ್ರಯಾಣವೂ ಪಾಠವಾಗುತ್ತದೆ. ಆದರೆ ಇವು ಶಿಕ್ಷಕರ ಬದಲಿಗೆ ಅಲ್ಲ. ಬಾಯಿಬಿಟ್ಟು ಮಾತನಾಡಿ ತಿದ್ದಿಸಿಕೊಳ್ಳದ ಹೊರತು ಮಾತಿನ ಪರೀಕ್ಷೆ ದಾಟಲಾಗದು.

ಹಣ ಕೊಡುವ ಮುನ್ನ

1. "ಎಷ್ಟು ತಿಂಗಳು" ಎಂದು ಕೇಳಬೇಡಿ. "ಬಿ2ವರೆಗೆ ಒಟ್ಟು ಎಷ್ಟು ಪೀರಿಯಡ್, ವಾರಕ್ಕೆ ಎಷ್ಟು?" ಎಂದು ಕೇಳಿ. 600ಕ್ಕಿಂತ ಕಡಿಮೆಯಾದರೆ ಕಾರಣ ಕೇಳಿ.

2. ಶುಲ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿರಿ. ಬಿ2ವರೆಗಿನ ಹಣವನ್ನು ಒಮ್ಮೆಗೇ ಕೊಡಬೇಡಿ.

3. ಬಿ1 ಪಾಸಾಗುವವರೆಗೆ ಕೆಲಸ ಬಿಡಬೇಡಿ, ಜಮೀನಿನ ಪತ್ರ ಅಡವಿಡಬೇಡಿ.

4. ಮೂಲ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ, ಪಾಸ್‌ಪೋರ್ಟ್‌ಗಳನ್ನು ಯಾರ ಬಳಿಯೂ "ಗ್ಯಾರಂಟಿ"ಯಾಗಿ ಇಡಬೇಡಿ.

5. ನೇಮಕಾತಿ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ತಾಣದಲ್ಲಿ ನೋಡಿರಿ.

6. ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ಪಡೆಯದೆ ಉದ್ಯೋಗದಾತರೇ ಖರ್ಚು ಭರಿಸುವ ಯೋಜನೆಗಳಿವೆ. ಜರ್ಮನ್ ಸರಕಾರಿ ಸಂಸ್ಥೆಗಳ "ಟ್ರಿಪಲ್ ವಿನ್" ಯೋಜನೆಗಾಗಿ ಕೇರಳದ ನೋರ್ಕಾ ಸಂಸ್ಥೆ 2021ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡಿತು. ನರ್ಸ್ ನೇಮಕಾತಿಯಲ್ಲಿ ನ್ಯಾಯಯುತವಾಗಿ ನಡೆಯುವ ಏಜೆನ್ಸಿಗಳಿಗೆ ಜರ್ಮನಿಯಲ್ಲಿ ಸರಕಾರಿ ಗುಣಮುದ್ರೆಯೂ ಇದೆ. ನಿಮ್ಮ ಏಜೆನ್ಸಿಗೆ ಅದು ಇದೆಯೇ ಎಂದು ವಿಚಾರಿಸಿರಿ.

ಧರ್ಮಕೇಂದ್ರಗಳು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಸಂಜೆ ಎರಡು ಗಂಟೆ ಧರ್ಮಕೇಂದ್ರದ ಸಭಾಂಗಣದ ಒಂದು ಕೊಠಡಿ, ಇಂಟರ್ನೆಟ್ ಸಂಪರ್ಕ, ನಾಲ್ಕು ಕುರ್ಚಿ ಸಾಕು. ಒಬ್ಬರೇ ಕಲಿಯುವವರು ಬೇಗ ಬಿಡುತ್ತಾರೆ, ನಾಲ್ವರು ಸೇರಿದರೆ ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುತ್ತಾರೆ. ಯಾವ ಮತದವರಾದರೂ ಬರಲಿ, ಭಾಷೆಗೆ ಅಂತಹ ಭೇದವಿಲ್ಲ. ಜರ್ಮನಿಯಲ್ಲಿ ಸೇವೆ ಮಾಡಿ ಮರಳಿದ ಗುರುಗಳೋ ಧರ್ಮಭಗಿನಿಯರೋ ಹತ್ತಿರದಲ್ಲಿದ್ದರೆ ವಾರಕ್ಕೊಮ್ಮೆ ಮಾತಿನ ಅಭ್ಯಾಸಕ್ಕೆ ಕರೆಯಿರಿ. ಸಾಲಕ್ಕೆ ಕೈಹಾಕುವ ಮುನ್ನ ಹೆತ್ತವರನ್ನು ಕೂರಿಸಿ ಮೇಲಿನ ಗಂಟೆಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುವುದೂ ಒಂದು ಸೇವೆಯೇ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಹತ್ತನೆಯ ತಿಂಗಳಿನಲ್ಲಿ ಮಗಳು ಇನ್ನೂ ಬಿ1ರಲ್ಲಿದ್ದರೆ ಅವಳು ಸೋತಿದ್ದಾಳೆಂದು ತಿಳಿಯಬೇಡಿ. ಸಂಜೆ ತರಗತಿಯ ಲೆಕ್ಕದಲ್ಲಿ ಅವಳು ಇರಬೇಕಾದ ಜಾಗದಲ್ಲೇ ಇದ್ದಾಳೆ. "ಪಕ್ಕದ ಮನೆಯವಳು ಆಗಲೇ ಹೋದಳಲ್ಲ" ಎಂಬ ಮಾತು ಬೇಡ. ಅವಳ ಡ್ಯೂಟಿಯ ಬಳಿಕ ಒಂದು ಗಂಟೆ ಯಾರೂ ಕೆಲಸ ಹೇಳದ ಹಾಗೆ ನೋಡಿಕೊಂಡರೆ, ಆ ಒಂದು ಗಂಟೆ ಎರಡು ವರ್ಷದಲ್ಲಿ ಏಳುನೂರು ಗಂಟೆಯಾಗುತ್ತದೆ.